ಒಡೆದದ್ದು ಗಾಜೋ, ನಿಯತ್ತೋ?

ದುರಸ್ತಿ ಎಂಬುದು ನಮ್ಮಲ್ಲಿ ಬಡವರ ಮಾತಾಗಿಬಿಟ್ಟಿದೆ. ಚಪ್ಪಲಿಗೆ ಹೊಲಿಗೆ ಹಾಕಿಸುವವನು, ಕೊಡೆಯ ಕಡ್ಡಿ ಕಟ್ಟಿಸುವವನು, ಪಾತ್ರೆಗೆ ಕಲಾಯಿ ಹಾಕಿಸುವವನು ದುರಸ್ತಿ ಮಾಡಿಸುತ್ತಾನೆ, ಉಳ್ಳವನು ಬದಲಾಯಿಸುತ್ತಾನೆ. ಈ ನಂಬಿಕೆ ಎಷ್ಟು ಪೊಳ್ಳು ಎಂದು ತಿಳಿಯಬೇಕಾದರೆ ಬಡವನ ಚಪ್ಪಲಿಯನ್ನಲ್ಲ, ಉಳ್ಳವನ ಕಾರನ್ನೇ ನೋಡಬೇಕು. ಅದರಲ್ಲೂ ಗುಂಡಿ ಒತ್ತಿದರೆ ಮಾಡು ಮಡಚಿಕೊಳ್ಳುವ ಕನ್ವರ್ಟಿಬಲ್ ಕಾರಿನ ಪಕ್ಕದ ಕಿಟಕಿಯನ್ನು ನೋಡಬೇಕು.

ಈ ಪತ್ರಿಕೆಯಲ್ಲಿ ಇಂಥ ವಿಷಯಕ್ಕೇನು ಕೆಲಸ ಎಂದು ಓದುಗರು ಕೇಳಬಹುದು. ನನಗೆ ಕಾರಿಲ್ಲ, ಬಸ್ಸೇ ಗತಿ. ಆದರೆ ಆ ಕಾರುಗಳ ಬಾಗಿಲು ಬಿಚ್ಚಿ ಒಳಗೆ ಕೈ ಹಾಕುವವರು ನಮ್ಮ ನಡುವಿನವರು. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ, ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ, ಕೊಲ್ಲಿ ದೇಶಗಳ ಗ್ಯಾರೇಜುಗಳಲ್ಲಿ ಈ ಕೆಲಸ ನಂಬಿ ಬದುಕುವ ಸಾವಿರಾರು ಮನೆಗಳಿವೆ. ಕಿಟಕಿ ಏರುತ್ತಿಲ್ಲ ಎಂದು ಬಂದ ಗಿರಾಕಿಗೆ, ಏನು ಕೆಟ್ಟಿದೆ ಎಂದು ಬಿಚ್ಚಿಯೂ ನೋಡದೆ ಪೂರ್ತಿ ಬದಲಾಯಿಸಬೇಕು ಎನ್ನುವ ಅಧಿಕಾರವನ್ನು ಯಾರು ಯಾರಿಗೆ ಕೊಟ್ಟರು? ಈ ಪ್ರಶ್ನೆ ಶ್ರೀಮಂತನ ಜೇಬಿಗಿಂತ ಹೆಚ್ಚಾಗಿ ಆ ಮನೆಗಳ ಅನ್ನಕ್ಕೆ ಸಂಬಂಧಿಸಿದ್ದು.

ಮೊದಲು ಎದುರಾಳಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡೋಣ. ಒಡೆದ ಪಕ್ಕದ ಗಾಜನ್ನು ದುರಸ್ತಿ ಮಾಡಲಾಗದು. ಕಾರಿನ ಎದುರಿನ ಗಾಜು ಎರಡು ಪದರದ್ದು, ನಡುವೆ ಪ್ಲಾಸ್ಟಿಕ್ಕಿನ ತೆಳುಹಾಳೆ. ಅದಕ್ಕೆ ಕಲ್ಲು ಬಡಿದು ಚಿಕ್ಕ ಚುಕ್ಕೆ ಎದ್ದರೆ ರಾಳ ತುಂಬಿ ಸರಿಪಡಿಸಬಹುದು. ಪಕ್ಕದ ಕಿಟಕಿಯದು ಸಾಮಾನ್ಯವಾಗಿ ಒಂದೇ ಹಾಳೆಯ ಟಫನ್ಡ್ ಗಾಜು. ಅದನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮಿಗಿಲಾಗಿ ಕಾಯಿಸಿ, ಥಟ್ಟನೆ ಗಾಳಿ ಹೊಡೆದು ತಣಿಸುತ್ತಾರೆ. ಹೊರಮೈ ಬಿಗಿದುಕೊಳ್ಳುತ್ತದೆ, ಒಳಗಿನದು ಎಳೆತದಲ್ಲಿ ಉಳಿಯುತ್ತದೆ. ಹೊರಮೈಯ ಆ ಬಿಗಿತವೇ ಅದರ ಬಲ. ಸಮತೋಲ ಒಂದು ಕಡೆ ತಪ್ಪಿದರೆ ಇಡೀ ಗಾಜು ಕಲ್ಲುಸಕ್ಕರೆಯ ಚೂರುಗಳಂತೆ ಉದುರುತ್ತದೆ. ಕತ್ತಿಯಂಥ ಚೂರು ಪ್ರಯಾಣಿಕನಿಗೆ ಚುಚ್ಚದಿರಲಿ ಎಂದೇ ಈ ಏರ್ಪಾಡು. ಇಂಥ ಗಾಜಿನಲ್ಲಿ ಬಿರುಕು ಎಂಬ ನಡುವಿನ ಸ್ಥಿತಿ ಇರುವುದಿಲ್ಲ. ಇದ್ದರೆ ಇಡಿಯಾಗಿ ಇರುತ್ತದೆ, ಹೋದರೆ ಪೂರ್ತಿ ಹೋಗುತ್ತದೆ. ಹದ ಮಾಡಿದ ಮೇಲೆ ಅದನ್ನು ಕತ್ತರಿಸುವಂತಿಲ್ಲ, ತೂತು ಕೊರೆಯುವಂತಿಲ್ಲ. ಅದಕ್ಕೆ ಅಂಟು ಹಾಕಿ ಕೊಡುತ್ತೇನೆ ಎನ್ನುವವನು ದುರಸ್ತಿಗಾರನಲ್ಲ, ಮೋಸಗಾರ. ಕೆಲವು ದುಬಾರಿ ಕಾರುಗಳಲ್ಲಿ ಸದ್ದು ತಡೆಯಲೆಂದು ಪಕ್ಕಕ್ಕೂ ಎರಡು ಪದರದ ಗಾಜು ಹಾಕಿರುತ್ತಾರೆ. ಗಾಜಿನ ಮೂಲೆಯಲ್ಲಿ ಅಚ್ಚೊತ್ತಿದ ಗುರುತನ್ನು ಓದಿದರೆ ಯಾವುದೆಂದು ತಿಳಿಯುತ್ತದೆ. ಓದದೆ ಬಾಯಿಗೆ ಬಂದದ್ದು ಹೇಳುವುದು ಇಬ್ಬರಿಗೂ ಸಲ್ಲದು.

ಆದರೆ ಕಿಟಕಿ ಕೆಟ್ಟಿದೆ ಎಂಬ ದೂರಿಗೂ ಗಾಜು ಒಡೆದಿದೆ ಎಂಬ ದೂರಿಗೂ ಅಜಗಜಾಂತರವಿದೆ. ಗಾಜು ಇಡಿಯಾಗಿಯೇ ಇದ್ದು ಏರದೆ ನಿಂತಿರಬಹುದು, ಓರೆಯಾಗಿರಬಹುದು, ಬಾಗಿಲೊಳಗೆ ಧೊಪ್ಪನೆ ಬಿದ್ದಿರಬಹುದು. ಜಗಳ ಇರುವುದು ಇಲ್ಲಿ.

ಮಾಡು ಮಡಚುವ ಕಾರಿನ ಬಾಗಿಲಿಗೆ ಮೇಲ್ಗಡೆ ಚೌಕಟ್ಟಿಲ್ಲ. ಗಾಜು ಬರಿಗೈಯಲ್ಲಿ ನಿಂತು, ನೇರವಾಗಿ ಮಾಡಿನ ರಬ್ಬರ್ ಬೀಡಿಂಗಿಗೆ ಒತ್ತಿಕೊಂಡು ಮಳೆ ಗಾಳಿ ತಡೆಯಬೇಕು. ಆದ್ದರಿಂದ ಬಾಗಿಲಿನ ಹಿಡಿ ಎಳೆದ ಕೂಡಲೇ ಗಾಜು ಸ್ವಲ್ಪ ಕೆಳಗೆ ಇಳಿಯುತ್ತದೆ, ಬಾಗಿಲು ಮುಚ್ಚಿದ ಮೇಲೆ ಮತ್ತೆ ಏರಿ ಬೀಡಿಂಗಿನಲ್ಲಿ ಕೂರುತ್ತದೆ. ಪ್ರತಿ ಸಲ ಬಾಗಿಲು ತೆಗೆದಾಗಲೂ ಈ ಇಳಿ-ಏರು. ಸಾಮಾನ್ಯ ಕಾರಿನ ಕಿಟಕಿ ದಿನಕ್ಕೆ ಒಂದೆರಡು ಸಲ ದುಡಿದರೆ ಇದು ಹತ್ತಾರು ಸಲ ದುಡಿಯುತ್ತದೆ. ಹಾಗಾಗಿ ಮೊದಲು ಸವೆಯುವುದು ಗಾಜಲ್ಲ, ಅದನ್ನು ಏರಿಸಿ ಇಳಿಸುವ ರೆಗ್ಯುಲೇಟರಿನ ಸಣ್ಣಪುಟ್ಟ ಅಂಗಗಳು: ಗಾಜನ್ನು ಹಿಡಿದಿರುವ ಪ್ಲಾಸ್ಟಿಕ್ ಕ್ಲಿಪ್ಪು, ಅದನ್ನು ಎಳೆಯುವ ಉಕ್ಕಿನ ಕೇಬಲ್, ಕೇಬಲ್ ಸುತ್ತುವ ಗಾಲಿ.

ಕಸುಬು ಬಲ್ಲ ಉಸ್ತಾದ್ ಮೊದಲು ಸ್ಕ್ರೂಡ್ರೈವರ್ ಎತ್ತುವುದಿಲ್ಲ, ಕಿವಿಗೊಡುತ್ತಾನೆ. ಗುಂಡಿ ಒತ್ತಿದಾಗ ಮೋಟರ್ ಗುಂಯ್ ಎಂದರೂ ಗಾಜು ಅಲ್ಲಾಡದಿದ್ದರೆ ಅನುಮಾನ ಕ್ಲಿಪ್ಪಿನ ಮೇಲೋ ಕೇಬಲ್ಲಿನ ಮೇಲೋ. ಸದ್ದೇ ಇಲ್ಲವಾದರೆ ಫ್ಯೂಸು, ಗುಂಡಿ, ಮೋಟರ್, ಇಲ್ಲವೇ ಬಾಗಿಲಿನ ಕೀಲಿನ ಬಳಿ ಮಡಚಿ ಮಡಚಿ ತುಂಡಾದ ವೈರು. ಗಾಜು ಏದುಸಿರು ಬಿಡುತ್ತಾ ನಿಧಾನವಾಗಿ ಏರಿದರೆ ಒಣಗಿದ ರಬ್ಬರನ್ನು ಒರೆಸಿ ಸಿಲಿಕೋನ್ ಹಚ್ಚಿದರೂ ಸಾಕಾದೀತು. ಬ್ಯಾಟರಿ ತೆಗೆದು ಹಾಕಿದ ಮೇಲೆ ಗಾಜು ಹುಚ್ಚುಹುಚ್ಚಾಗಿ ಆಡಿದರೆ ಏನೂ ಕೆಟ್ಟಿರದೆ ಇರಬಹುದು. ಕಿಟಕಿಯ ಕಂಪ್ಯೂಟರಿಗೆ ಮೇಲಿನ ಗಡಿ, ಕೆಳಗಿನ ಗಡಿ ಮರೆತಿರುತ್ತದೆ. ಹಲವು ಕಾರುಗಳಲ್ಲಿ ಗಾಜನ್ನು ಪೂರ್ತಿ ಏರಿಸಿ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಮತ್ತೆ ನೆನಪಾಗುತ್ತದೆ.

ಇಷ್ಟೂ ಸಾಧ್ಯತೆಗಳಲ್ಲಿ ಯಾವುದು ಎಂದು ಕಂಡುಹಿಡಿಯುವುದೇ ವಿದ್ಯೆ. ಆ ವಿದ್ಯೆಗೆ ಬೆಲೆ ಕಟ್ಟದೆ, ಎಲ್ಲಕ್ಕೂ ಒಂದೇ ಮದ್ದು ಎಂಬಂತೆ ಅಸೆಂಬ್ಲಿ ಬದಲಾಯಿಸಿ ಎನ್ನುವುದನ್ನು ನಾನು ರೋಗ ಪರೀಕ್ಷೆ ಎನ್ನಲಾರೆ. ಅದು ವ್ಯಾಪಾರ. ತಲೆನೋವೆಂದು ಬಂದವನಿಗೆ ತಲೆಯನ್ನೇ ಬದಲಾಯಿಸೋಣ ಎನ್ನುವ ಹಕೀಮನನ್ನು ನಾವು ಒಪ್ಪುತ್ತೇವೆಯೇ?

ಇದಕ್ಕೆ ಬರುವ ಉತ್ತರಗಳು ನನಗೆ ಗೊತ್ತು. ಮೊದಲನೆಯದು ಸುರಕ್ಷತೆ. ಎಳೆ ಬಿಚ್ಚಿಕೊಂಡ ಕೇಬಲ್ಲಿಗೆ ಗಂಟು ಹಾಕುವುದು ತಪ್ಪು, ಅದು ನಾಳೆ ಮತ್ತೆ ಹರಿಯುತ್ತದೆ, ಗಾಜನ್ನೂ ಬೀಳಿಸುತ್ತದೆ. ಅಲ್ಲಿ ರೆಗ್ಯುಲೇಟರ್ ಬದಲಿಸುವುದೇ ಸರಿ. ಆದರೆ ಆಗಲೂ ಚೆನ್ನಾಗಿರುವ ಮೋಟರನ್ನು ಬಿಚ್ಚಿ ಹೊಸ ರೆಗ್ಯುಲೇಟರಿಗೆ ಹಾಕಬಹುದಾದ ಕಡೆ ಮೋಟರನ್ನೂ ಸೇರಿಸಿ ಮಾರುವುದೇಕೆ? ಒಂದು ಕ್ಲಿಪ್ಪು ಮುರಿದದ್ದಕ್ಕೆ ಉಕ್ಕಿನ ಹಳಿಯನ್ನೂ ಕೇಬಲ್ಲನ್ನೂ ಗುಜರಿಗೆ ಎಸೆಯುವುದರಿಂದ ಯಾರ ಸುರಕ್ಷತೆ ಹೆಚ್ಚಿತು?

ಎರಡನೆಯದು, ಹೊಸದು ಹಾಕಿದರೆ ನಿಶ್ಚಿಂತೆ ಎಂಬ ಮಾತು. ಚೌಕಟ್ಟಿಲ್ಲದ ಬಾಗಿಲಿನ ವಿಷಯದಲ್ಲಿ ಇದು ಶುದ್ಧ ಭ್ರಮೆ. ಹೊಸ ಗಾಜಾಗಲಿ ಹೊಸ ರೆಗ್ಯುಲೇಟರಾಗಲಿ ತಾನಾಗಿ ಹೋಗಿ ಕೂರುವುದಿಲ್ಲ. ಗಾಜು ಎಷ್ಟು ಎತ್ತರ ಏರಬೇಕು, ಒಳಕ್ಕೆ ಎಷ್ಟು ವಾಲಬೇಕು, ಹಿಂಬದಿಯ ಪುಟ್ಟ ಗಾಜಿಗೆ ಎಷ್ಟು ಅಂತರದಲ್ಲಿ ನಿಲ್ಲಬೇಕು ಎಂಬುದನ್ನು ಕೂದಲೆಳೆಯ ಲೆಕ್ಕದಲ್ಲಿ ಹೊಂದಿಸಬೇಕು. ಹೊಂದಿಸದಿದ್ದರೆ ಹೊಸ ಗಾಜಿನ ಕಾರಿನಲ್ಲೇ ಗಾಳಿ ಶಿಳ್ಳೆ ಹಾಕುತ್ತದೆ, ಮೊದಲ ಮಳೆಗೇ ಸೀಟು ನೆನೆಯುತ್ತದೆ. ಬದಲಾಯಿಸುವುದಕ್ಕೂ ಹುನರು ಬೇಕು. ಹುನರಿಲ್ಲದವನ ಕೈಯಲ್ಲಿ ಕಂಪನಿಯ ಡಬ್ಬಿಯಿಂದ ಬಂದ ಭಾಗವೂ ಕೆಡುತ್ತದೆ.

ಮೂರನೆಯ ಉತ್ತರ ಬಾಯಿಬಿಟ್ಟು ಬರುವುದಿಲ್ಲ, ಮುಗುಳ್ನಗೆಯಲ್ಲಿ ಬರುತ್ತದೆ: ಇಂಥ ಕಾರು ಇಟ್ಟುಕೊಂಡವನಿಗೆ ಇದೆಲ್ಲ ಒಂದು ಲೆಕ್ಕವೇ? ಈ ನಗೆಯಲ್ಲೇ ಇಡೀ ಅನ್ಯಾಯ ಅಡಗಿದೆ. ಕೊಡಬಲ್ಲವನು ಎಂಬ ಕಾರಣಕ್ಕೆ ಸುಳ್ಳು ಹೇಳಬಹುದು ಎಂದು ಒಪ್ಪಿಕೊಂಡರೆ, ಕೊಡಲಾರದವನಿಗೆ ಸತ್ಯ ಹೇಳುತ್ತಾರೆ ಎಂಬ ಭರವಸೆ ಎಲ್ಲಿಂದ ಬಂತು? ಇಂದು ಕನ್ವರ್ಟಿಬಲ್ಲಿನ ಬಾಗಿಲಲ್ಲಿ ಕಲಿತ ಮಾತು ನಾಳೆ ಬ್ಯಾಂಕಿನ ಸಾಲದ ಪುಟ್ಟ ಕಾರಿಗೂ, ನಾಡಿದ್ದು ಆಟೋರಿಕ್ಷಾಕ್ಕೂ ಬರುತ್ತದೆ. ಅದೂ ಅಲ್ಲದೆ ಇಂಥ ಹಳೆಯ ಕಾರನ್ನು ಎರಡನೆಯ, ಮೂರನೆಯ ಕೈಯಲ್ಲಿ ಕೊಂಡವರು ಎಲ್ಲರೂ ಕುಬೇರರಲ್ಲ.

ವಿಮೆಯ ಲೆಕ್ಕವನ್ನೂ ನೋಡಿ. ನಮ್ಮ ದೇಶದ ಸಾಮಾನ್ಯ ಮೋಟಾರು ವಿಮೆಯಲ್ಲಿ ಗಾಜಿಗೆ ಸವಕಳಿ ಹಿಡಿಯುವುದಿಲ್ಲ, ರಬ್ಬರು ಪ್ಲಾಸ್ಟಿಕ್ಕಿಗೆ ಶೇ. 50 ಕಳೆಯುತ್ತಾರೆ. ತಾನಾಗಿ ಸವೆದು ಕೆಟ್ಟ ಯಂತ್ರಭಾಗಕ್ಕೆ ಆ ವಿಮೆ ಏನೂ ಕೊಡುವುದಿಲ್ಲ. ಅಂದರೆ ಗಾಜು ಚೂರಾದರೆ ಹಣ ಉಂಟು, ಕ್ಲಿಪ್ಪು ಮುರಿದರೆ ಇಲ್ಲ. ಇಂಥ ಏರ್ಪಾಟಿನಲ್ಲಿ ಚಿಕ್ಕ ಕಾಯಿಲೆಯನ್ನು ಸಮಯಕ್ಕೆ ಸರಿಪಡಿಸುವ ಪ್ರಾಮಾಣಿಕನಿಗೆ ಯಾವ ಬೆನ್ನು ತಟ್ಟುವಿಕೆಯೂ ಇಲ್ಲ. ಕೆಟ್ಟದ್ದು ಪೂರ್ತಿ ಕೆಡಲಿ ಎಂದು ಕಾಯುವವನಿಗೆ ಮಾತ್ರ ಲಾಭ.

ಕಾನೂನು ಏನೂ ಹೇಳಿಲ್ಲವೇ? ಹೇಳಿದೆ. 2014ರ ಆಗಸ್ಟ್ 25ರಂದು ಭಾರತದ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ ಮತ್ತು ದುರಸ್ತಿಯ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದಿದ್ದಾರೆ ಎಂಬುದು ಆರೋಪ. ಬಿಡಿಭಾಗಗಳು ಸ್ವತಂತ್ರ ಗ್ಯಾರೇಜಿನವರಿಗೂ ಸಿಗಬೇಕು, ಹೊರಗೆ ದುರಸ್ತಿ ಮಾಡಿಸಿದ ಮಾತ್ರಕ್ಕೆ ವಾರಂಟಿ ರದ್ದು ಎಂದು ಸಾರಾಸಗಟಾಗಿ ಷರತ್ತು ಹಾಕಬಾರದು ಎಂದು ಆಯೋಗ ಹೇಳಿತು. ಮೇಲ್ಮನವಿಗಳಾದವು, ದಂಡದ ಬಗ್ಗೆ ವಾದಗಳಾದವು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿಗಾಗಿ ಸಮಿತಿಯನ್ನೂ ಮಾಡಿತು, ಅದು ಆರಿಸಿಕೊಂಡ ಕ್ಷೇತ್ರಗಳಲ್ಲಿ ವಾಹನವೂ ಒಂದು. ಫ್ರಾನ್ಸ್ 2021ರ ಕಾಯ್ದೆಯೊಂದರ ಮೂಲಕ 2023ರ ಜನವರಿ 1ರಿಂದ ಕಾರಿನ ಗಾಜಿನ ಮೇಲೆ ಕಾರು ಕಂಪನಿಗಳಿಗಿದ್ದ ವಿನ್ಯಾಸದ ಏಕಸ್ವಾಮ್ಯವನ್ನೇ ತೆಗೆದುಹಾಕಿತು. ಗಾಜಿನ ಕಿಟಕಿಯ ಮಾತು ಅಲ್ಲಿ ಸಂಸತ್ತಿನವರೆಗೆ ಹೋಯಿತು ಎಂದ ಮೇಲೆ ಇದು ಚಿಲ್ಲರೆ ವಿಷಯವಲ್ಲ. ಆದರೆ ಆದೇಶ ಕಾಗದದಲ್ಲಿದ್ದರೆ ಸಾಲದು. ಗ್ಯಾರೇಜಿನ ಕೌಂಟರಿನ ಮುಂದೆ ನಿಂತವನು ಅದನ್ನು ಕೇಳಿ ಪಡೆಯಬೇಕು.

ಇನ್ನು ನಮ್ಮವರಿಗೂ ಎರಡು ಮಾತು. ಅಧಿಕೃತ ಸರ್ವಿಸ್ ಸೆಂಟರಿನವನು ಮಾತ್ರ ಸುಳ್ಳುಗಾರ, ಗಲ್ಲಿಯ ಗ್ಯಾರೇಜಿನವನು ಮಾತ್ರ ಸಂತ ಎಂದು ನಾನು ಹೇಳುತ್ತಿಲ್ಲ. ಕ್ಲಿಪ್ಪು ಹಾಕಬೇಕಾದ ಕಡೆ ಕೈಗೆ ಸಿಕ್ಕ ಗೋಂದು ಮೆತ್ತುವುದು, ನಕಲಿ ಭಾಗ ಹಾಕಿ ಒರಿಜಿನಲ್ ಎಂದು ಹಣ ಎಣಿಸುವುದು, ಅಂಚು ಚಕ್ಕೆಯೆದ್ದ ಹಳೆಯ ಗಾಜನ್ನು ಕಣ್ಣುಮುಚ್ಚಿ ಮಾರುವುದು, ಇವು ದುರಸ್ತಿಯಲ್ಲ. ಟಫನ್ಡ್ ಗಾಜಿನ ಅಂಚಿಗೆ ಪೆಟ್ಟಾಗಿದ್ದರೆ ಅದು ಯಾವತ್ತೋ ಒಂದು ದಿನ ಕಾರಣವೇ ಇಲ್ಲದಂತೆ ಸಿಡಿಯಬಹುದು. ಅದೇ ಅಂಚು ಸರಿಯಿರುವ, ಗೀರಿಲ್ಲದ, ಅದೇ ಮಾದರಿಯ ಗುಜರಿ ಗಾಜು ಹೊಸದರಷ್ಟೇ ಒಳ್ಳೆಯದು. ವ್ಯತ್ಯಾಸ ತಿಳಿದು ತಿಳಿಸುವವನಿಗೆ ಇಜ್ಜತ್ತು. ಮುಚ್ಚಿಡುವವನಿಂದ ಇಡೀ ಬೀದಿಗೆ ಕೆಟ್ಟ ಹೆಸರು, ಅಸೆಂಬ್ಲಿ ಮಾರುವವನಿಗೆ ಸುಲಭದ ಸಾಕ್ಷಿ.

ದುರಸ್ತಿ ಎಂಬ ಮಾತು ಫಾರಸಿಯಿಂದ ಬಂದದ್ದು. ದುರುಸ್ತ್ ಎಂದರೆ ಸರಿಯಾದದ್ದು. ಉರ್ದುವಿನಲ್ಲಿ ಮಾತು ನಿಜವಾಗಿದ್ದರೂ ದುರುಸ್ತ್ ಎನ್ನುತ್ತೇವೆ, ಗಡಿಯಾರ ಸರಿಯಾಗಿದ್ದರೂ ದುರುಸ್ತ್ ಎನ್ನುತ್ತೇವೆ. ಹಾಗಾಗಿ ಸುಳ್ಳು ಹೇಳಿ ಮಾಡುವ ದುರಸ್ತಿ ಆ ಹೆಸರಿಗೇ ಸಲ್ಲದು. ಹಳೆಯ ಬಟ್ಟೆಗೆ ರಫೂ ಹಾಕುವವನನ್ನು ನೆನೆಯಿರಿ. ಬಟ್ಟೆಯನ್ನು ಬೆಳಕಿಗೆ ಹಿಡಿದು, ಇದು ಕೂಡುತ್ತದೆ, ಇದು ಕೂಡುವುದಿಲ್ಲ, ಹೊಸದು ತಗೊಳ್ಳಿ ಎನ್ನುತ್ತಾನೆ. ಬೇಡ ಎನ್ನುವ ಧೈರ್ಯ ಇದ್ದುದರಿಂದಲೇ ಅವನು ಆಗುತ್ತದೆ ಎಂದಾಗ ನಾವು ನಂಬಿದೆವು.

ಅಪಾಯದಲ್ಲಿರುವುದು ಈ ನಂಬಿಕೆ, ಅದರ ಜೊತೆಗೆ ಅದನ್ನು ಉಳಿಸಿಕೊಂಡು ಬಂದ ಕೈಗಳು. ಬಾಗಿಲು ಬಿಚ್ಚಿ ಮುರಿದ ಕ್ಲಿಪ್ಪನ್ನು ಹುಡುಕಿದ ಹುಡುಗ ಯಂತ್ರ ಹೇಗೆ ದುಡಿಯುತ್ತದೆ ಎಂದು ಕಲಿಯುತ್ತಾನೆ, ಹತ್ತು ವರ್ಷದಲ್ಲಿ ಉಸ್ತಾದ್ ಆಗುತ್ತಾನೆ. ಡಬ್ಬಿ ಒಡೆದು ಅಸೆಂಬ್ಲಿ ಸಿಕ್ಕಿಸುವುದನ್ನಷ್ಟೇ ಕಲಿತವನು ಹತ್ತು ವರ್ಷವಾದರೂ ಡಬ್ಬಿ ಒಡೆಯುವವನಾಗಿಯೇ ಉಳಿಯುತ್ತಾನೆ. ಅವನ ಸಂಬಳವೂ ಅಷ್ಟಕ್ಕೇ ನಿಲ್ಲುತ್ತದೆ. ಕಂಪನಿಗಳಿಗೆ ಬೇಕಾದದ್ದು ಅಂಥವನೇ. ಅವನ ಜಾಗಕ್ಕೆ ನಾಳೆ ಯಾರನ್ನು ತಂದರೂ ಕೆಲಸ ನಡೆಯುತ್ತದೆ.

ಆದ್ದರಿಂದ ಮಾಡು ಮಡಚುವ ಕಾರಿನ ಯಜಮಾನರಿಗೆ ಬಸ್ಸಿನವನ ವಿನಂತಿ ಇಷ್ಟೆ. ಬದಲಾಯಿಸಬೇಕು ಎಂದಾಗ ಮೂರು ಪ್ರಶ್ನೆ ಕೇಳಿ. ಕೆಟ್ಟಿರುವುದು ನಿರ್ದಿಷ್ಟವಾಗಿ ಯಾವ ಭಾಗ? ಅದೊಂದನ್ನೇ ಏಕೆ ಸರಿಪಡಿಸಲಾಗದು? ತೆಗೆದ ಹಳೆಯ ಭಾಗವನ್ನು ನನ್ನ ಕೈಗೆ ಕೊಡುತ್ತೀರಾ? ಗಾಜು ಪುಡಿಯಾಗಿದ್ದರೆ ಉತ್ತರ ಸಲೀಸಾಗಿ ಬರುತ್ತದೆ, ಧಾರಾಳವಾಗಿ ಹೊಸದು ಹಾಕಿಸಿ. ಗಾಜು ಇಡಿಯಾಗಿದ್ದೂ ಎದುರಿನವನು ತಡವರಿಸಿದರೆ ಕೀಲಿಕೈ ವಾಪಸ್ಸು ಪಡೆದು, ಬಾಗಿಲಿಗೆ ಕಿವಿಗೊಡಬಲ್ಲವನ ಹತ್ತಿರ ಹೋಗಿ. ಅಂಥವರು ಇನ್ನೂ ಇದ್ದಾರೆ. ಅವರು ಇರಬೇಕಾದರೆ ಕೇಳುವ ಗಿರಾಕಿಗಳೂ ಇರಬೇಕು.