ಒಡೆಯನೋ, ಒಕ್ಕಲೋ?

ಕನ್ನಡಕವಿಲ್ಲದೆ ಎರಡು ದಿನ ಕಳೆಯಬೇಕಾದ ಪ್ರಸಂಗವೊಂದು ಕಳೆದ ಬೇಸಗೆಯಲ್ಲಿ ನನಗೆ ಒದಗಿತು. ಕನ್ನಡಕ ಕಳೆದುಹೋಗಿರಲಿಲ್ಲ, ಒಡೆದೂ ಇರಲಿಲ್ಲ. ಅದು ಎಲ್ಲಿದೆಯೆಂಬುದು ಮನೆಯವರಿಗೆಲ್ಲ ಚೆನ್ನಾಗಿ ಗೊತ್ತಿತ್ತು. ಬಾಗಿಲ ಮುಂದೆ ನಿಂತಿದ್ದ ಕಾರಿನೊಳಗೆ, ಮುಂದಿನ ಆಸನದೆದುರಿಗಿರುವ ಪುಟ್ಟ ಪೆಟ್ಟಿಗೆಯಲ್ಲಿ, ನಾನೇ ಕೈಯಾರೆ ಇಟ್ಟ ಜಾಗದಲ್ಲಿ ಅದು ಸುಖವಾಗಿ ಮಲಗಿತ್ತು. ಅದನ್ನು ಹೊರಗೆ ತೆಗೆಯುವ ಶಕ್ತಿ ಮಾತ್ರ ಆ ಕಾರಿನ ಒಡೆಯನಿಗೂ ಇರಲಿಲ್ಲ.

ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ಮಗಳೂ ಅಳಿಯನೂ ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿದ್ದಾರೆ. ಅಳಿಯ ಕಂಪ್ಯೂಟರ್ ವಿದ್ಯೆಯಲ್ಲಿ ನುರಿತವನು. ಹೋದ ವರ್ಷ ಒಂದು ಭಾರಿ ವಿದ್ಯುತ್ ಕಾರನ್ನು ಕೊಂಡ. ಯಾವ ಕಂಪನಿಯದೆಂಬುದು ಇಲ್ಲಿ ಅಪ್ರಸ್ತುತ. ಅದರ ಬೆಲೆಯನ್ನು ಡಾಲರಿನಿಂದ ರೂಪಾಯಿಗೆ ತಿರುಗಿಸಿ ನೋಡಿದೆ. ಮೂವತ್ತು ವರ್ಷ ಮೇಷ್ಟರಾಗಿ ದುಡಿದು ನಾನು ಕಟ್ಟಿಸಿದ ಮನೆಯ ಬೆಲೆ ನೆನಪಿಗೆ ಬಂದು ಸುಮ್ಮನಾದೆ. ಕಾರು ಚೆಲುವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಸದ್ದಿಲ್ಲ, ಹೊಗೆಯಿಲ್ಲ, ಹೊರಟದ್ದು ಗೊತ್ತಾಗುವಷ್ಟರಲ್ಲಿ ಅರ್ಧ ಬೀದಿ ದಾಟಿರುತ್ತಿತ್ತು. ಒಂದು ಶನಿವಾರ ಲಿವರ್‌ಮೋರಿನ ಶಿವ-ವಿಷ್ಣು ದೇವಾಲಯಕ್ಕೆ ಹೋಗಿಬಂದೆವು. ಬರುವಾಗ ನಿದ್ದೆ ತೂಗಿತೆಂದು ಕನ್ನಡಕವನ್ನು ತೆಗೆದು ಆ ಪೆಟ್ಟಿಗೆಯಲ್ಲಿಟ್ಟೆ. ಮನೆ ಬಂದಾಗ ಮರೆತು ಇಳಿದೆ. ರಾತ್ರಿ ನಾವೆಲ್ಲ ಮಲಗಿದ್ದಾಗ ಕಂಪನಿಯವರು ಎಲ್ಲಿಂದಲೋ ಕಾರಿಗೊಂದು ಹೊಸ ತಂತ್ರಾಂಶವನ್ನು ಕಳುಹಿಸಿದರು. ಬೆಳಿಗ್ಗೆ ನೋಡಿದರೆ ಕಾರಿನ ನಡುವಣ ದೊಡ್ಡ ಪರದೆ ಕಪ್ಪಾಗಿ ಕುಳಿತಿತ್ತು.

ಚಕ್ರ ತಿರುಗುತ್ತಿತ್ತು, ಬ್ರೇಕು ಹಿಡಿಯುತ್ತಿತ್ತು. ಆದರೆ ಎಷ್ಟು ವೇಗದಲ್ಲಿ ಹೋಗುತ್ತಿದ್ದೇವೆಂದು ತಿಳಿಯುವಂತಿಲ್ಲ; ಹಿಂದೆ ಏನಿದೆಯೆಂದು ತೋರಿಸುವ ಕ್ಯಾಮೆರಾ ಇಲ್ಲ; ತಂಪುಗಾಳಿ ಇಲ್ಲ. ಆ ಪೆಟ್ಟಿಗೆಗಾದರೋ ಹಿಡಿಯೂ ಇಲ್ಲ, ಬೀಗದ ಕೈಯೂ ಇಲ್ಲ. ಅದನ್ನು ತೆರೆಯುವ ಗುಂಡಿ ಇದ್ದದ್ದು ಪರದೆಯ ಮೇಲೆ, ಚಿತ್ರರೂಪದಲ್ಲಿ. ಪರದೆ ಸತ್ತಮೇಲೆ ಗುಂಡಿಯೂ ಸತ್ತಿತು. ಅಳಿಯ ಯಾವುದೋ ಎರಡು ಗುಂಡಿಗಳನ್ನು ಒತ್ತಿ ಹಿಡಿದು, ಜಪಕ್ಕೆ ಕುಳಿತವನಂತೆ, ತನ್ನದೇ ಕಾರಿನಲ್ಲಿ ಮುಕ್ಕಾಲು ಗಂಟೆ ಕುಳಿತ.

“ಏನಪ್ಪಾ, ಒಂದು ಸ್ಕ್ರೂಡ್ರೈವರ್ ಕೊಡು, ನಾನೇ ಮೀಟಿ ತೆಗೀತೀನಿ” ಎಂದೆ.

“ಬೇಡಿ ಮಾವ, ಮೀಟಿದರೆ ವಾರಂಟಿ ಹೋಗುತ್ತೆ” ಎಂದ.

ಕಂಪನಿಗೆ ಫೋನು ಮಾಡಿದ್ದಾಯಿತು. ದೋಷ ತಮ್ಮ ಗಮನಕ್ಕೆ ಬಂದಿದೆಯೆಂದೂ, ತಿದ್ದುಪಡಿ ಸಿದ್ಧವಾಗುತ್ತಿದೆಯೆಂದೂ, ಅಲ್ಲಿಯತನಕ ದಯವಿಟ್ಟು ಕಾಯಬೇಕೆಂದೂ ಬಹು ಸೌಜನ್ಯದಿಂದ ಉತ್ತರ ಬಂತು. ಕಾದೆವು. ಓದಲು ಕಣ್ಣಿಲ್ಲದ್ದರಿಂದ ನನಗೆ ಯೋಚನೆ ಮಾಡುವ ಕೆಲಸವೊಂದು ಉಳಿಯಿತು. ಈ ಲೇಖನ ಆ ಎರಡು ದಿನಗಳ ಫಲ.

ಇಷ್ಟು ಓದಿದ ವಾಚಕರಲ್ಲಿ ಕೆಲವರಾದರೂ, “ಇದು ಉಳ್ಳವರ ಗೋಳು, ನಮಗೇನು?” ಎಂದು ಪುಟ ಮಗುಚುವುದಕ್ಕೆ ಹೊರಟಿರಬಹುದು. ಮೊದಲು ನನಗೂ ಹಾಗೆಯೇ ಅನ್ನಿಸಿ ಒಳಗೊಳಗೇ ನಗು ಬಂದದ್ದುಂಟು. ಆದರೆ ಶ್ರೀಮಂತರ ಮನೆಗೆ ಇಂದು ಬಂದದ್ದು ನಾಳೆ ನಮ್ಮ ನಿಮ್ಮ ಮನೆಗೂ ಬರುತ್ತದೆ. ಫೋನು ಬಂದದ್ದು ಹಾಗೆ, ಟೆಲಿವಿಷನ್ನು ಬಂದದ್ದು ಹಾಗೆ. ಈಗಾಗಲೇ ನಮ್ಮ ಬೀದಿಗಳಲ್ಲಿ ಓಡಾಡುವ ವಿದ್ಯುತ್ ಸ್ಕೂಟರುಗಳು ಕೂಡ ರಾತ್ರಿವೇಳೆ ಕಂಪನಿಯ ಸಂಗಡ ಮಾತನಾಡುತ್ತವೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ಕಳೆಯಬೇಕು. ನಾನು ವಿದ್ಯುತ್ ಕಾರಿನ ವಿರೋಧಿಯಲ್ಲ. ವಿದ್ಯುತ್ ಕಾರು ಹೊಸದೂ ಅಲ್ಲ. ಹೆನ್ರಿ ಫೋರ್ಡರು ಪೆಟ್ರೋಲ್ ಕಾರುಗಳನ್ನು ಲಕ್ಷಗಟ್ಟಲೆ ತಯಾರಿಸುತ್ತಿದ್ದ ದಿನಗಳಲ್ಲಿ ಅವರ ಪತ್ನಿ ಕ್ಲಾರಾ ಓಡಿಸುತ್ತಿದ್ದುದು 1914ರ ಡೆಟ್ರಾಯ್ಟ್ ಎಲೆಕ್ಟ್ರಿಕ್ ಎಂಬ ವಿದ್ಯುತ್ ಕಾರನ್ನು. ಕೈಯಿಂದ ಹಿಡಿಕೆ ತಿರುಗಿಸಿ ಎಂಜಿನ್ನನ್ನು ಎಬ್ಬಿಸುವ ಗೋಜು ಅದಕ್ಕಿರಲಿಲ್ಲ. ವಿದ್ಯುತ್ ಮೋಟಾರು ಸರಳ ಯಂತ್ರ. ಅದರ ಆರೋಗ್ಯ ಬಹಳ ಗಟ್ಟಿ. ಕಾಯಿಲೆ ಬೀಳುವುದು ಅದಲ್ಲ, ಅದರ ತಲೆಯ ಮೇಲೆ ಹೇರಿರುವ ಪರದೆ ಮತ್ತು ದೂರದಲ್ಲೆಲ್ಲೋ ಇರುವ ಸರ್ವರು. ಈ ಎರಡರ ಪಾಪವನ್ನು ಮೋಟಾರಿನ ತಲೆಗೆ ಕಟ್ಟುವುದು ನ್ಯಾಯವಲ್ಲ.

ನನ್ನ ಅಳಿಯನ ಅನುಭವ ಅಪೂರ್ವವೂ ಅಲ್ಲವೆಂದು ಆಮೇಲೆ ತಿಳಿಯಿತು. 2023ರ ನವೆಂಬರಿನಲ್ಲಿ ರಿವಿಯನ್ ಕಂಪನಿ ತನ್ನ ಕಾರುಗಳಿಗೆ ಕಳುಹಿಸಿದ ತಂತ್ರಾಂಶದಲ್ಲಿ ತಪ್ಪು ಭದ್ರತಾ ಪ್ರಮಾಣಪತ್ರಗಳು ಸೇರಿಹೋಗಿ ಪರದೆಗಳು ಕಪ್ಪಾದವು. ಬೆರಳು ತಪ್ಪಿ ಹೀಗಾಯಿತೆಂದು ಕಂಪನಿಯ ಅಧಿಕಾರಿಯೊಬ್ಬರು ಬಹಿರಂಗವಾಗಿಯೇ ಒಪ್ಪಿಕೊಂಡರು. ಒಪ್ಪಿಕೊಂಡದ್ದು ದೊಡ್ಡತನವೇ. ಆದರೆ ಒಬ್ಬನ ಬೆರಳು ಜಾರಿದರೆ ಸಾವಿರ ಮನೆಗಳ ಮುಂದೆ ನಿಂತ ಕಾರುಗಳು ಮಂಕಾಗುವ ವ್ಯವಸ್ಥೆ ಎಂಥದು? ಹಿಂದೆ ಗ್ಯಾರೇಜಿನ ಹುಡುಗನ ಬೆರಳು ಜಾರಿದರೆ ಕೆಡುತ್ತಿದ್ದುದು ಒಂದೇ ಕಾರು.

ಇದಕ್ಕಿಂತ ನನ್ನ ಮನಸ್ಸನ್ನು ಹಿಡಿದದ್ದು ಟೆಸ್ಲಾ ಕಾರುಗಳ ಕಥೆ. 2012ರಿಂದ 2018ರ ಆರಂಭದವರೆಗೆ ತಯಾರಾದ ಆ ಕಂಪನಿಯ ಬೆಲೆಬಾಳುವ ಕಾರುಗಳ ಪರದೆಯ ಹಿಂದೆ ಎಂಟು ಗಿಗಾಬೈಟಿನ ಒಂದು ಸ್ಮೃತಿಫಲಕವಿತ್ತು. ಇಂಥ ಫಲಕದ ಸ್ವಭಾವವೇನೆಂದರೆ, ಅದರ ಮೇಲೆ ಬರೆದಷ್ಟೂ ಅದು ಸವೆಯುತ್ತದೆ. ನಮ್ಮ ಬಾಲ್ಯದ ಸ್ಲೇಟು ಸಾವಿರ ಸಲ ಬರೆದು ಒರೆಸಿದರೂ ಉಳಿಯುತ್ತಿತ್ತು. ಈ ಸ್ಲೇಟಿಗೆ ಇಷ್ಟು ಸಲ ಎಂಬ ಲೆಕ್ಕವುಂಟು. ಕಾರು ತನ್ನ ದಿನಚರಿಯನ್ನು ಎಡೆಬಿಡದೆ ಬರೆದುಕೊಳ್ಳುತ್ತಿದ್ದುದರಿಂದ ಐದಾರು ವರ್ಷಗಳಲ್ಲಿ ಸ್ಲೇಟು ಮುಗಿಯುತ್ತಿತ್ತು, ಪರದೆ ಆರುತ್ತಿತ್ತು. ಕೊನೆಗೆ ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ಒತ್ತಾಯಿಸಿದ ಮೇಲೆ, 2021ರ ಫೆಬ್ರುವರಿಯಲ್ಲಿ ಸುಮಾರು 1,35,000 ಕಾರುಗಳನ್ನು ದುರಸ್ತಿಗೆ ಹಿಂದಕ್ಕೆ ಕರೆಯಬೇಕಾಯಿತು. ಇಂಥ ಭಾಗಗಳು ಕಾರಿನ ಪೂರ್ಣಾಯುಸ್ಸಿನವರೆಗೂ ಬಾಳಬೇಕೆಂದು ನಿರೀಕ್ಷಿಸುವುದು ಕಾರ್ಯಸಾಧ್ಯವಲ್ಲವೆಂಬ ಅರ್ಥದ ಮಾತನ್ನು ಕಂಪನಿ ಆಗ ವಾದಿಸಿತು. ಇರಬಹುದು. ಹಾಗಿದ್ದರೆ ಹಿಂದನ್ನು ತೋರಿಸುವ ಕ್ಯಾಮೆರಾವನ್ನೂ ಗಾಜಿನ ಮಂಜು ಬಿಡಿಸುವ ವ್ಯವಸ್ಥೆಯನ್ನೂ ಆ ಅಲ್ಪಾಯುವಿನ ಕೊರಳಿಗೆ ಏಕೆ ಕಟ್ಟಬೇಕಾಗಿತ್ತು?

ದೂರದ ನಂಟಿನ ಪಾಡು ಇನ್ನೂ ವಿಚಿತ್ರ. 2022ರಲ್ಲಿ ಅಮೆರಿಕದ ದೂರವಾಣಿ ಕಂಪನಿಗಳು ಮೂರನೆಯ ತಲೆಮಾರಿನ ಜಾಲವನ್ನು ಮುಚ್ಚಿದಾಗ ಅನೇಕ ಹಳೆಯ ಕಾರುಗಳು ಮೂಕವಾದವು. ಕಾರು ಚೆನ್ನಾಗಿತ್ತು, ಅದು ಆಡುತ್ತಿದ್ದ ಭಾಷೆಯನ್ನು ಕೇಳುವವರೇ ಇಲ್ಲವಾದರು.

ಜಾಲ ಮುಚ್ಚಿದರೆ ಇಷ್ಟಾಯಿತು, ಕಂಪನಿಯೇ ಮುಚ್ಚಿದರೆ? ಇದು ಊಹೆಯ ಮಾತಲ್ಲ. ಫಿಸ್ಕರ್ ಎಂಬ ಅಮೆರಿಕದ ಕಂಪನಿ ಆಸ್ಟ್ರಿಯದ ಗ್ರಾಟ್ಸ್ ನಗರದಲ್ಲಿ ‘ಓಷನ್’ ಎಂಬ ಕಾರನ್ನು ತಯಾರಿಸಿ ಮಾರುತ್ತಿತ್ತು. ಅದರ ಉತ್ತಮ ಮಾದರಿಯ ಬೆಲೆ ಸುಮಾರು 70,000 ಡಾಲರ್. 2024ರ ಜೂನ್ ತಿಂಗಳಿನಲ್ಲಿ ಕಂಪನಿ ದಿವಾಳಿಯೆದ್ದಿತು. ಮಾರಾಟವಾಗದೆ ಉಳಿದಿದ್ದ ಮೂರು ಸಾವಿರಕ್ಕೂ ಹೆಚ್ಚು ಕಾರುಗಳನ್ನು ನ್ಯೂಯಾರ್ಕಿನ ಬಾಡಿಗೆ ಕಾರುಗಳ ಸಂಸ್ಥೆಯೊಂದು ಸರಾಸರಿ 14,000 ಡಾಲರಿನ ಆಸುಪಾಸಿಗೆ ಕೊಳ್ಳಲು ಮುಂದಾಯಿತು. ಆಗ ಹೊರಬಿದ್ದ ಸಂಗತಿ ಇದು: ಕಾರುಗಳ ಮಾಹಿತಿಯೆಲ್ಲ ಕಂಪನಿಯ ಸರ್ವರಿಗೆ ಅಂಟಿಕೊಂಡಿದೆ, ಹೊಸ ಒಡೆಯನ ಸರ್ವರಿಗೆ ಅದನ್ನು ಸಾಗಿಸುವುದು ಆಗದ ಮಾತು. ವ್ಯವಹಾರವೇ ಮುರಿದುಬೀಳುವ ಹಂತಕ್ಕೆ ಬಂದಿತ್ತು. ಪೂರ್ತಿ ಬೆಲೆ ಕೊಟ್ಟು ಮೊದಲೇ ಕೊಂಡಿದ್ದ ಸಾವಿರಾರು ಮಂದಿ ಏನು ಮಾಡಬೇಕು? ಅವರು ಒಂದು ಸಂಘ ಕಟ್ಟಿಕೊಂಡರು. ಬಿಡಿಭಾಗಗಳನ್ನು ಹುಡುಕಿದರು, ತಂತ್ರಾಂಶದ ಒಳಗುಟ್ಟನ್ನು ತಾವೇ ಬಿಡಿಸಿಕೊಳ್ಳತೊಡಗಿದರು. ನನಗೆ ಈ ಜನರ ಮೇಲೆ ಬಹಳ ಗೌರವ. ಆದರೆ ತಂದೆ ಸತ್ತ ಮಗುವನ್ನು ಸಾಕುವಂತೆ ಕಾರನ್ನು ಸಾಕಬೇಕಾಗುತ್ತದೆಂದು ಕೊಳ್ಳುವಾಗ ಅವರಿಗೆ ಯಾರೂ ಹೇಳಿರಲಿಲ್ಲ.

ಇಲ್ಲಿಗೆ ಬಂದಾಗ ನನ್ನನ್ನು ಕಾಡಿದ್ದು ‘ಒಡೆಯ’ ಎಂಬ ನಮ್ಮ ಹಳೆಯ ಮಾತು. ನನ್ನ ಅಜ್ಜ ಒಕ್ಕಲು. ಗದ್ದೆಯನ್ನು ಉಳುತ್ತಿದ್ದವನು ಅವನು, ಗದ್ದೆ ಅವನದಲ್ಲ. ಯಾವ ಪೈರು ಹಾಕಬೇಕು, ಯಾವ ಮರ ಕಡಿಯಬಹುದು ಎಂಬುದಕ್ಕೆಲ್ಲ ಧಣಿಯ ಅಪ್ಪಣೆ ಬೇಕಾಗಿತ್ತು. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ನಮ್ಮ ರಾಜ್ಯದಲ್ಲಿ ಗೇಣಿಪದ್ಧತಿ ಹೋದಾಗ ನಮ್ಮ ತಂದೆ ಗದ್ದೆಯ ಬದುವಿನ ಮೇಲೆ ಎಷ್ಟೋ ಹೊತ್ತು ಸುಮ್ಮನೆ ನಿಂತಿದ್ದರಂತೆ. ಒಡೆತನವೆಂದರೆ ಬೇರೆ ಏನಲ್ಲ, ಕೇಳದೆ ಮಾಡಬಹುದಾದ ಸ್ವಾತಂತ್ರ್ಯ. ಆ ಮನೆತನಕ್ಕೆ ಅಳಿಯನಾಗಿ ಬಂದವನು, ಬೆವರು ಸುರಿಸಿದ ದುಡ್ಡನ್ನು ಪೂರ್ತಿ ಎಣಿಸಿ ಕೊಟ್ಟು, ತನ್ನ ಕಾರಿನ ಪೆಟ್ಟಿಗೆಯನ್ನು ತೆರೆಯಲು ಅಪ್ಪಣೆಗೆ ಕಾಯುತ್ತ ಕುಳಿತಿದ್ದ! ಒಕ್ಕಲಿಗಿಂತ ಇವನ ಪಾಡು ಒಂದು ವಿಧದಲ್ಲಿ ಕನಿಷ್ಠ. ಗೇಣಿಯನ್ನು ನಮ್ಮಜ್ಜ ಬೆಳೆ ಕೈಗೆ ಬಂದಮೇಲೆ ಕೊಡುತ್ತಿದ್ದ. ಇವನು ಮೊದಲೇ ಕೊಟ್ಟಿದ್ದಾನೆ. ಬೆಳೆ ಹೋದ ವರ್ಷ ನಮ್ಮಜ್ಜ ಧಣಿಯ ಅಂಗಳಕ್ಕೆ ಹೋಗಿ ನಿಂತು ತನ್ನ ಕಷ್ಟ ಹೇಳಿಕೊಳ್ಳಬಹುದಾಗಿತ್ತು. ಇವನ ಧಣಿಯ ಅಂಗಳ ಯಾವ ದೇಶದಲ್ಲಿದೆಯೋ ಯಾರಿಗೂ ತಿಳಿಯದು.

ಗೇಣಿಯ ಹೋಲಿಕೆ ಅತಿಯಾಯಿತೆಂದು ಭಾವಿಸುವವರಿಗೆ ಎರಡು ಉದಾಹರಣೆ. ಆಸನವನ್ನು ಬೆಚ್ಚಗಾಗಿಸುವ ತಂತಿಗಳನ್ನು ಕಾರಿನಲ್ಲಿ ಮೊದಲೇ ಹೊಲಿದಿಟ್ಟು, ಅವುಗಳಿಗೆ ತಿಂಗಳ ಬಾಡಿಗೆ ಗೊತ್ತುಮಾಡುವ ಪ್ರಯೋಗವನ್ನು ಬಿಎಂಡಬ್ಲ್ಯು ಕೆಲವು ದೇಶಗಳಲ್ಲಿ ಮಾಡಿತು. 2022ರಲ್ಲಿ ದಕ್ಷಿಣ ಕೊರಿಯದಲ್ಲಿ ಅದು ತಿಂಗಳಿಗೆ 18 ಡಾಲರಿನಷ್ಟಿತ್ತು. ಜನ ಬೈದರು, ಮರುವರ್ಷ ಕಂಪನಿ ಅದನ್ನು ಕೈಬಿಟ್ಟಿತು. ಅದೇ 2022ರ ನವೆಂಬರಿನಲ್ಲಿ ಮರ್ಸಿಡಿಸ್ ಕಂಪನಿ ಅಮೆರಿಕದಲ್ಲಿ ತನ್ನ ವಿದ್ಯುತ್ ಕಾರುಗಳು ಇನ್ನಷ್ಟು ಚುರುಕಾಗಿ ಓಡಬೇಕಾದರೆ ವರ್ಷಕ್ಕೆ 1,200 ಡಾಲರ್ ಕೊಡಬೇಕೆಂದು ಸಾರಿತು. ಮೋಟಾರು ಅದೇ, ಬ್ಯಾಟರಿ ಅದೇ. ಕಟ್ಟಿದ ಹಗ್ಗವನ್ನು ಸಡಿಲ ಬಿಡುವುದಕ್ಕೆ ಹಣ. ಎತ್ತನ್ನು ಮಾರಿ, ಅದರ ನಾಲ್ಕನೆಯ ಕಾಲಿಗೆ ಬಾಡಿಗೆ ಕೇಳಿದಂತೆ.

ಪ್ರತಿವಾದಿಯ ಮಾತನ್ನೂ ಕೇಳಬೇಕು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಕಾರುಗಳ ತಂತ್ರಾಂಶ ಬರೆಯುವ ಕೆಲಸದಲ್ಲಿದ್ದಾನೆ. ಈ ವಿದ್ಯೆಗೆ ನಮ್ಮ ಊರು ಪರಕೀಯವೇನಲ್ಲ. ಮರ್ಸಿಡಿಸ್ ಕಂಪನಿಯ ಸಂಶೋಧನಾ ಕೇಂದ್ರ ಅಲ್ಲಿ ಆರಂಭವಾದದ್ದು 1996ರಲ್ಲಿ. “ಸಾರ್, ದೂರದಿಂದ ಕೆಡಿಸಬಹುದಾದದ್ದನ್ನು ದೂರದಿಂದಲೇ ಸರಿಮಾಡಲೂಬಹುದಲ್ಲವೆ? ಗ್ಯಾರೇಜಿಗೆ ಹೋಗುವ ಕೆಲಸವೇ ಇಲ್ಲ” ಎಂದು ಅವನು ವಾದಿಸುತ್ತಾನೆ. ಸರಿಯಾದ ಮಾತು. ಬ್ರೇಕಿನ ದೋಷವೊಂದನ್ನು ಒಂದು ರಾತ್ರಿಯಲ್ಲಿ ಲಕ್ಷ ಕಾರುಗಳಲ್ಲಿ ತಿದ್ದಬಲ್ಲ ಶಕ್ತಿಯನ್ನು ಹಗುರವಾಗಿ ಕಾಣಬಾರದು. ನಮ್ಮ ಕಾಲೇಜಿನ ಪ್ರಿನ್ಸಿಪಾಲರ ಅಂಬಾಸಡರ್ ಕಾರನ್ನು ವಾರಕ್ಕೆರಡು ಸಲ ನಾವು ತಳ್ಳಿದ್ದೇವೆ. ಆ ಕಾಲವೇ ಚೆನ್ನಾಗಿತ್ತೆಂದು ನಾನು ಹೇಳಿದರೆ ನನ್ನ ಮೊಣಕಾಲುಗಳೇ ಒಪ್ಪುವುದಿಲ್ಲ. ಅವನು ಹೇಳದೆ ಬಿಟ್ಟದ್ದೇನೆಂದರೆ, ದೂರದಿಂದ ಸರಿಮಾಡಬಹುದೆಂಬ ಧೈರ್ಯದಲ್ಲಿ ಅರೆಬೆಂದದ್ದನ್ನೇ ಬಡಿಸುವ ಅಭ್ಯಾಸ ಬೆಳೆಯುತ್ತಿದೆ. ಊಟಕ್ಕೆ ಕುಳಿತವನ ಎಲೆಯ ಮೇಲೆ ಅನ್ನ ಬೇಯುವುದನ್ನು ಎಷ್ಟು ಹೊತ್ತು ನೋಡಬೇಕು?

ನಾನು ಕೇಳುವುದು ಹೆಚ್ಚೇನಲ್ಲ. ಬಾಗಿಲು, ಪೆಟ್ಟಿಗೆ, ಮಳೆ ಒರೆಸುವ ಕಡ್ಡಿ, ಗಾಳಿ, ಬೆಳಕು, ಇವು ಪರದೆಯ ಹಂಗಿಲ್ಲದೆ ಕೈಗೆ ಸಿಗಬೇಕು. ಯೂರೋಪಿನಲ್ಲಿ ಕಾರುಗಳ ಸುರಕ್ಷತೆಯನ್ನು ಪರೀಕ್ಷಿಸುವ ಯೂರೋ ಎನ್‌ಕ್ಯಾಪ್ ಸಂಸ್ಥೆ ಮುಖ್ಯವಾದ ಕೆಲವು ಕೆಲಸಗಳಿಗೆ ನಿಜವಾದ ಗುಂಡಿಗಳಿರಬೇಕೆಂಬ ನಿಯಮವನ್ನು 2026ರಿಂದ ತನ್ನ ಅಂಕಪಟ್ಟಿಗೆ ಸೇರಿಸಿದೆ. ಅಷ್ಟರ ಮಟ್ಟಿಗೆ ವಿವೇಕ ಮರಳಿದೆ. ಎರಡನೆಯದಾಗಿ, ಇಂತಿಷ್ಟು ವರ್ಷ ಸರ್ವರನ್ನು ನಡೆಸುತ್ತೇವೆಂದು ಕಂಪನಿ ಕ್ರಯಪತ್ರದಲ್ಲಿಯೇ ಬರೆದುಕೊಡಬೇಕು. ನಡುವೆ ಬಾಗಿಲು ಹಾಕಿದರೆ ತಂತ್ರಾಂಶದ ಬೀಗದ ಕೈಯನ್ನು ಕೊಂಡವರಿಗೆ ಒಪ್ಪಿಸಬೇಕು. ಮತ್ತು, ಮನೆಯ ಯಜಮಾನ ಹೂಂ ಎನ್ನದೆ ರಾತ್ರಿವೇಳೆ ಯಾರೂ ಕಾರಿನೊಳಗೆ ಕೈಹಾಕಕೂಡದು.

ಮಂಗಳವಾರ ಬೆಳಿಗ್ಗೆ ಪರದೆ ತಾನಾಗಿ ಬೆಳಗಿತು. ಪೆಟ್ಟಿಗೆ ಮೆಲ್ಲನೆ ಬಾಯಿ ತೆರೆಯಿತು. ಕನ್ನಡಕವನ್ನು ಒರೆಸಿ ಹಾಕಿಕೊಂಡು ನೋಡಿದರೆ, ಪರದೆಯ ತುಂಬ ಸಣ್ಣ ಅಕ್ಷರಗಳ ಒಂದು ಒಪ್ಪಂದ. ಕೆಳಗೆ, ಒಪ್ಪಿದ್ದೇನೆ ಎಂಬ ಗುಂಡಿ. ಅಳಿಯ ಬೆರಳು ಚಾಚಿದ.

“ತಾಳಪ್ಪಾ, ಈಗ ಕನ್ನಡಕ ಬಂತಲ್ಲ, ಓದೋಣ” ಎಂದೆ.

“ಒಪ್ಪದಿದ್ದರೆ ಕಾರಿನ ನಕ್ಷೆ ಕೆಲಸ ಮಾಡೋಲ್ಲ ಮಾವ” ಎಂದ. ಅಷ್ಟರಲ್ಲಿ ಒತ್ತಿಯಾಗಿತ್ತು.