ಕೊಳಲಿಗೆ ಬಿರಡೆಯಿಲ್ಲ

ಶಾಲಾ ಕಲೋತ್ಸವದ ದಿನಗಳು ಹತ್ತಿರವಾದಂತೆ ನಮ್ಮ ಜಿಲ್ಲೆಯ ಹಲವು ಮನೆಗಳಲ್ಲಿ ಕೊಳಲಿನ ಸದ್ದು ಕೇಳತೊಡಗುತ್ತದೆ. ಇದು ಸಂತೋಷದ ವಿಷಯವೇ ಸರಿ. ಕನ್ನಡ ಮಾಧ್ಯಮದ ಮಕ್ಕಳೂ ಈ ಸ್ಪರ್ಧೆಗೆ ಉತ್ಸಾಹದಿಂದ ಇಳಿಯುತ್ತಿದ್ದಾರೆ. ಆದರೆ ಹೀಗೆ ಕಲಿಯುವ ಮಕ್ಕಳಲ್ಲಿ ಅನೇಕರ ವಾದನವನ್ನು ಕಿವಿಗೊಟ್ಟು ಕೇಳಿದವರಿಗೆ ಒಂದು ಕೊರತೆ ಕಾಣದಿರದು. ಬೆರಳು ಚುರುಕಾಗಿ ಓಡುತ್ತದೆ. ಕೃತಿ ಬಾಯಿಪಾಠದಂತೆ ಬರುತ್ತದೆ. ಸ್ವರ ಮಾತ್ರ ಶ್ರುತಿಯಲ್ಲಿ ನಿಲ್ಲುವುದಿಲ್ಲ. ಸಭೆ ಚಪ್ಪಾಳೆ ತಟ್ಟುತ್ತದೆ, ಮಗು ವೇದಿಕೆ ಇಳಿಯುತ್ತದೆ. ಎಲ್ಲಿ ತಪ್ಪಿತೆಂದು ಅದಕ್ಕೆ ಯಾರೂ ಹೇಳುವುದಿಲ್ಲ.

ವೀಣೆಗೆ, ಪಿಟೀಲಿಗೆ ಬಿರಡೆಗಳಿವೆ. ತಂತಿ ಇಳಿದರೆ ತಿರುವಿ ಸರಿಪಡಿಸಬಹುದು. ಮೃದಂಗವನ್ನು ತಟ್ಟಿ ಶ್ರುತಿಗೆ ಕೂಡಿಸುತ್ತಾರೆ. ಹಾರ್ಮೋನಿಯಂನಲ್ಲಿ ಮನೆ ಒತ್ತಿದರೆ ಸ್ವರ ತಾನಾಗಿ ಬರುತ್ತದೆ. ಕೊಳಲಿಗೆ ಈ ಎರಡೂ ಸೌಕರ್ಯಗಳಿಲ್ಲ. ಅದಕ್ಕೆ ಬಿರಡೆಯೂ ಇಲ್ಲ, ಸ್ಥಿರವಾದ ಸ್ವರವೂ ಇಲ್ಲ. ರಂಧ್ರವನ್ನು ಎಷ್ಟೇ ಸರಿಯಾಗಿ ಕೊರೆದಿದ್ದರೂ ಸ್ವರ ಎಲ್ಲಿ ನಿಲ್ಲಬೇಕೆಂಬುದನ್ನು ಕೊನೆಗೆ ನಿರ್ಧರಿಸುವುದು ನುಡಿಸುವವನ ತುಟಿ, ಉಸಿರು ಮತ್ತು ಕಿವಿ. ಆದುದರಿಂದಲೇ ಕೊಳಲು ಅಗ್ಗದ ವಾದ್ಯವಾದರೂ ಸುಲಭದ ವಾದ್ಯವಲ್ಲ.

ಒಂದೇ ಬೆರಳು ಹಿಡಿತದಲ್ಲಿ ಜೋರಾಗಿ ಊದಿದರೆ ಸ್ವರ ಏರುತ್ತದೆ, ಮೆಲ್ಲಗೆ ಊದಿದರೆ ಇಳಿಯುತ್ತದೆ. ಕೊಳಲನ್ನು ಒಳಮುಖವಾಗಿ ಹೊರಳಿಸಿ ಊದುವ ರಂಧ್ರವನ್ನು ತುಟಿ ಹೆಚ್ಚು ಮುಚ್ಚುವಂತೆ ಮಾಡಿದರೆ ಸ್ವರ ತಗ್ಗುತ್ತದೆ, ಹೊರಮುಖವಾಗಿಸಿದರೆ ಹೆಚ್ಚುತ್ತದೆ. ಮಕ್ಕಳು ದೀರ್ಘ ಸ್ವರದ ಕೊನೆಗೆ ಉಸಿರು ಸೋತಾಗ ಶ್ರುತಿಯಿಂದ ಜಾರುವುದು ಇದರಿಂದಲೇ. ತಾರಸ್ಥಾಯಿಗೆ ಹೋದಾಗ ಹೆದರಿ ಬಲವಾಗಿ ಊದಿ ಶ್ರುತಿ ಮೀರುವುದೂ ಇದರಿಂದಲೇ. ಇನ್ನು ಕರ್ನಾಟಕ ಸಂಗೀತದ ಕೊಳಲಿನ ಎಂಟು ರಂಧ್ರಗಳಲ್ಲಿ ಸಾಮಾನ್ಯವಾಗಿ ಏಳನ್ನು ಮಾತ್ರ ಬೆರಳುಗಳು ಆಡಿಸುತ್ತವೆ. ಹನ್ನೆರಡು ಸ್ವರಸ್ಥಾನಗಳನ್ನೂ ಗಮಕಗಳನ್ನೂ ಇಷ್ಟರಲ್ಲೇ ಹೊರಡಿಸಬೇಕಾದರೆ ರಂಧ್ರವನ್ನು ಅರೆ ಮುಚ್ಚಬೇಕು, ಕಾಲು ಮುಚ್ಚಬೇಕು. ಅರೆ ಎಂದರೆ ಎಷ್ಟು? ಅದನ್ನು ಬೆರಳಿಗೆ ಹೇಳಿಕೊಡಬೇಕಾದುದು ಕಿವಿಯೇ.

ಹವೆಯೂ ತನ್ನ ಪಾಲನ್ನು ಕೇಳುತ್ತದೆ. ಗಾಳಿ ಬಿಸಿಯಾದಂತೆ ಅದರಲ್ಲಿ ಶಬ್ದದ ವೇಗ ಹೆಚ್ಚುತ್ತದೆ, ಕೊಳಲಿನ ಸ್ವರವೂ ಏರುತ್ತದೆ. ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ ಇರುವ ಅಂತರವನ್ನು 100 ಪಾಲು ಮಾಡಿದರೆ, ಒಂದು ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಸ್ವರ ಸುಮಾರು 3 ಪಾಲು ಏರುತ್ತದೆಂದು ಲೆಕ್ಕ. ಕೊಳಲೊಳಗಿನ ಗಾಳಿ 10 ಡಿಗ್ರಿ ಬಿಸಿಯಾದರೆ 30 ಪಾಲು, ಅಂದರೆ ಹತ್ತಿರ ಹತ್ತಿರ ಮೂರರಲ್ಲೊಂದು ಭಾಗ! ತಣ್ಣಗಿನ ಕೊಳಲನ್ನು ಚೀಲದಿಂದ ತೆಗೆದು ನೇರವಾಗಿ ಸ್ಪರ್ಧೆಗೆ ನಿಲ್ಲುವ ಮಗು ಮೊದಲು ಶ್ರುತಿಗಿಂತ ಕೆಳಗಿದ್ದು, ಉಸಿರು ಕೊಳಲನ್ನು ಬೆಚ್ಚಗಾಗಿಸಿದಂತೆ ಮೇಲೇರುವುದರಲ್ಲಿ ಆಶ್ಚರ್ಯವೇನಿದೆ? ಅಷ್ಟಕ್ಕೇ ಅಂಕ ಕಳೆಯುವ ಮೊದಲು ಆ ಮಗುವಿಗೆ ಐದು ನಿಮಿಷ ಊದಿ ಸಿದ್ಧವಾಗಲು ಎಡೆ ಕೊಟ್ಟಿದ್ದೇವೆಯೇ ಎಂದು ನಡೆಸುವವರು ಕೇಳಿಕೊಳ್ಳಬೇಕು. ಕೊಳಲನ್ನು ಶ್ರುತಿ ಪೆಟ್ಟಿಗೆಗೆ ತಿರುಗಿಸಲಾಗದು. ಇಂದಿನ ಇಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಯನ್ನು ಕೊಳಲಿಗೆ ಸೂಕ್ಷ್ಮವಾಗಿ ತಿರುಗಿಸಬಹುದು. ಕೊಳಲು ಬೆಚ್ಚಗಾದ ಮೇಲೆ ಪೆಟ್ಟಿಗೆಯನ್ನು ಅದಕ್ಕೆ ಹೊಂದಿಸುವುದೇ ಸರಿಯಾದ ಕ್ರಮ.

ಈಗ ಕೆಲವರು ಮೊಬೈಲಿನಲ್ಲಿ ಸ್ವರ ಅಳೆಯುವ ಮುಳ್ಳನ್ನು ನೋಡಿ ಮಕ್ಕಳಿಗೆ ಅಭ್ಯಾಸ ಮಾಡಿಸುತ್ತಾರೆ. ಷಡ್ಜ, ಪಂಚಮಗಳಿಗೆ ಇದರಿಂದ ಅಂಥ ಹಾನಿಯಿಲ್ಲ. ಆದರೆ ಆ ಮುಳ್ಳು ಸಾಮಾನ್ಯವಾಗಿ ಹಾರ್ಮೋನಿಯಂನ ಹಾಗೆ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ ಲೆಕ್ಕವನ್ನು ತೋರಿಸುತ್ತದೆ. ತಂಬೂರಿಯ ನಾದದೊಳಗೆ ಲೀನವಾಗುವ ಅಂತರ ಗಾಂಧಾರ ಅದಕ್ಕಿಂತ ಸುಮಾರು 14 ಪಾಲು ಕೆಳಗಿದೆ. ಮುಳ್ಳನ್ನು ನಂಬಿದ ಮಗುವಿನ ಗಾಂಧಾರ ಯಂತ್ರಕ್ಕೆ ಸರಿ, ತಂಬೂರಿಗೆ ತಪ್ಪು. ಕಣ್ಣಿನಿಂದ ಶ್ರುತಿ ಕಲಿಯುವುದೆಂದರೆ ಮೂಗಿನಿಂದ ಉಪ್ಪು ನೋಡಿದಂತೆ.

ಕಿವಿಗೆ ಸಿಗುವ ಗುರುತು ಬೇರೆಯೇ ಇದೆ. ಒಂದು ನಾದ ಸೆಕೆಂಡಿಗೆ 440 ಬಾರಿ, ಇನ್ನೊಂದು 443 ಬಾರಿ ಕಂಪಿಸಿದರೆ, ಎರಡೂ ಕೂಡಿದಾಗ ಸೆಕೆಂಡಿಗೆ ಮೂರು ಬಾರಿ ಅಲೆಯಂತೆ ಏರಿಳಿಯುವ ನಡುಕ ಕೇಳಿಸುತ್ತದೆ. ಸ್ವರ ಹತ್ತಿರವಾದಂತೆ ನಡುಕ ನಿಧಾನವಾಗುತ್ತದೆ. ಕೂಡಿದಾಗ ನಿಂತೇ ಹೋಗುತ್ತದೆ. ಹತ್ತು ವರ್ಷದ ಮಗುವೂ ಇದನ್ನು ಒಂದೆರಡು ದಿನಗಳಲ್ಲಿ ಗುರುತಿಸಬಲ್ಲದು. ಶ್ರುತಿ ಇಟ್ಟುಕೊಂಡು ದಿನಕ್ಕೆ ಕಾಲು ಗಂಟೆ ಒಂದೊಂದೇ ಸ್ವರವನ್ನು ಉದ್ದಕ್ಕೆ ಊದಿಸಿ, ಆ ನಡುಕ ಅಡಗುವ ತನಕ ತುಟಿಯನ್ನು ತಿದ್ದಿಕೊಳ್ಳುವಂತೆ ಮಾಡಿದರೆ ಸಾಕು. ಅಡಿಪಾಯ ತಾನಾಗಿ ಬೀಳುತ್ತದೆ.

ಕೊಳಲನ್ನು ಕೊಳ್ಳುವಾಗಲೂ ಎಚ್ಚರ ಬೇಕು. ಜಾತ್ರೆಯಲ್ಲಿ ಬಣ್ಣದ ದಾರ ಸುತ್ತಿ ಮಾರುವ ಕೊಳಲು ಆಟಕ್ಕೆ ಅಡ್ಡಿಯಿಲ್ಲ, ಪಾಠಕ್ಕೆ ಬಾರದು. ಮಧ್ಯ ಷಡ್ಜ, ತಾರ ಷಡ್ಜ ಎರಡನ್ನೂ ಬಲ್ಲವರಿಂದ ಶ್ರುತಿಯೊಡನೆ ಊದಿಸಿ ನೋಡಬೇಕು. ಸಾಧಾರಣ ಬಲದಲ್ಲಿ ಊದಿದಾಗ ಎರಡೂ ಕೂಡದಿದ್ದರೆ ಆ ಕೊಳಲನ್ನು ಅಂಗಡಿಯಲ್ಲೇ ಬಿಟ್ಟು ಬರುವುದು ಲೇಸು. ಎಷ್ಟೋ ಸಲ ಮಗುವಿಗೆ ಬೈಗಳು ಸಿಗುವುದು ಬಿದಿರಿನ ತಪ್ಪಿಗೆ.

“ಮಕ್ಕಳಲ್ಲವೇ, ಮೊದಲು ಹಾಡು ಬರಲಿ, ಶ್ರುತಿ ಆಮೇಲೆ” ಎಂದು ಹೇಳುವ ಹೆತ್ತವರಿದ್ದಾರೆ. ಗ್ರೇಸ್ ಮಾರ್ಕಿನ ಆಸೆ ಅವರದು, ಆಸೆಯಲ್ಲಿ ತಪ್ಪಿಲ್ಲ. ಆದರೆ ಅಪಶ್ರುತಿಗೆ ಒಗ್ಗಿದ ಕಿವಿಗೆ ಅದು ಅಪಶ್ರುತಿಯೆಂದೇ ಆಮೇಲೆ ತೋರುವುದಿಲ್ಲ. ಕಲಿಯದ ಕೃತಿಯನ್ನು ಮುಂದಿನ ವರ್ಷ ಕಲಿಯಬಹುದು. ಕೆಟ್ಟ ಕಿವಿಯನ್ನು ತಿದ್ದಲು ವರ್ಷಗಳು ಬೇಕು. ಕೊಳಲಿನಲ್ಲಿ ಹಾಡುಗಾರಿಕೆಯ ಬಾಗು ಬಳುಕುಗಳನ್ನೆಲ್ಲ ತಂದ ಟಿ. ಆರ್. ಮಹಾಲಿಂಗಂ (1926–1986) ಅವರ ಧ್ವನಿಮುದ್ರಿಕೆಗಳು ಇಂದೂ ಸಿಗುತ್ತವೆ. ಗಮಕ ಎಷ್ಟೇ ತೂಗಲಿ, ಅದು ಬಂದು ನಿಲ್ಲುವ ಜಾಗ ಎಷ್ಟು ಖಚಿತ ಎಂಬುದನ್ನು ಮಕ್ಕಳಿಗೆ ಕೇಳಿಸಿರಿ. ಹತ್ತು ಉಪದೇಶಗಳಿಗಿಂತ ಅದು ಮೇಲು.

ಸಂಗೀತದ ಅಧ್ಯಾಪಕರಿಲ್ಲದ ಶಾಲೆಗಳಲ್ಲಿ ಇದನ್ನು ಯಾರು ಮಾಡಿಸಬೇಕೆಂಬ ಪ್ರಶ್ನೆ ನ್ಯಾಯವಾದದ್ದು. ಅಧ್ಯಾಪಕ ಹುದ್ದೆಗಾಗಿ ಕೇಳುತ್ತಲೇ ಇರೋಣ. ಆ ತನಕ ರಕ್ಷಕ-ಶಿಕ್ಷಕ ಸಂಘಗಳು ಒಂದು ಶ್ರುತಿ ಪೆಟ್ಟಿಗೆಯನ್ನು, ಒಂದೇ ಶ್ರುತಿಯ ನಾಲ್ಕು ಒಳ್ಳೆಯ ಕೊಳಲುಗಳನ್ನು ಶಾಲೆಗೆ ತೆಗೆದುಕೊಡಲಿ. ಊರಿನ ಭಜನಾ ಮಂದಿರಗಳಲ್ಲಿ, ಯಕ್ಷಗಾನದ ಹಿಮ್ಮೇಳದಲ್ಲಿ ಶ್ರುತಿಜ್ಞಾನವುಳ್ಳ ಹಿರಿಯರಿದ್ದಾರೆ. ಅವರನ್ನು ವಾರಕ್ಕೊಮ್ಮೆ ಕರೆದರೆ ಬಾರದೆ ಇರಲಾರರು.

ಕಲಿಸುವವರು ಮಲೆಯಾಳ ಮಾತಾಡುವವರಾದರೂ ಹಿಂಜರಿಯಬೇಕಾಗಿಲ್ಲ. ಅವರ ಕುಳಲ್, ನಮ್ಮ ಕೊಳಲು ಒಂದೇ ಬೇರಿನ ಮಾತುಗಳು. 1965ರ ಮೊದಲ ಜ್ಞಾನಪೀಠ ಪ್ರಶಸ್ತಿ ಪಡೆದ ಜಿ. ಶಂಕರ ಕುರುಪ್ಪರ ಕವನ ಸಂಕಲನದ ಹೆಸರೇ ‘ಓಡಕ್ಕುಳಲ್’. ಶ್ರುತಿಗಂತೂ ಎರಡು ಭಾಷೆಯಲ್ಲೂ ಶ್ರುತಿಯೆಂದೇ ಹೆಸರು. ಭಾಷೆಗಾಗಿ ನಾವು ಹೋರಾಡಬೇಕಾದ ಕಡೆಗಳು ಬೇರೆ ಇವೆ. ಈ ಒಂದು ಪಾಠವನ್ನು ಬಲ್ಲವರು ಯಾರೇ ಇರಲಿ, ಅವರ ಬಳಿ ಮಕ್ಕಳನ್ನು ಕಳುಹಿಸೋಣ. ಮುಂದಿನ ಕಲೋತ್ಸವದಲ್ಲಿ ನಮ್ಮ ಮಕ್ಕಳು ಬಹುಮಾನ ತರಲಿ, ತಾರದಿರಲಿ; ಅವರ ಷಡ್ಜ ಷಡ್ಜದಲ್ಲೇ ನಿಲ್ಲುವಂತೆ ನೋಡಿಕೊಳ್ಳುವ ಹೊಣೆ ನಮ್ಮದು.