ಬಾಡಿಗೆ ಅವರಿಗೆ, ಸೋರಿಕೆ ನಮಗೆ



ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ. ಈ ಊರುಗಳಲ್ಲಿ ಹಾಸ್ಟೆಲ್ ಅನ್ನ ತಿಂದು ಓದಿದವರು ನಾವು. ಸರ್ಕಾರದ ಸ್ವಂತ ಕಟ್ಟಡದಲ್ಲಿ ಇದ್ದವರೂ ನಮ್ಮಲ್ಲಿದ್ದಾರೆ, ಬಾಡಿಗೆ ಕಟ್ಟಡದಲ್ಲಿ ಇದ್ದವರೂ ಇದ್ದಾರೆ. ಈ ಮಾತು ಬಾಡಿಗೆ ಕಟ್ಟಡದ್ದು.

ಮಳೆ ಬಂತು. ಚಪ್ಪಡಿ ಸಂದಿಯಿಂದ ನೀರು ಟ್ರಂಕಿನ ಮೇಲೆ ಬಿತ್ತು. ನೋಟ್ಸ್ ನೆನೆದು ಮುದ್ದೆಯಾಯಿತು. ವಾರ್ಡನ್ ಹತ್ರ ಹೋದೆವು. "ಕಟ್ಟಡ ಖಾಸಗೀದು ಕಣ್ರಪ್ಪಾ, ಇಲಾಖೆ ದುಡ್ಡು ಹಾಕೋ ಹಾಗಿಲ್ಲ, ಓನರ್‌ನ ಕೇಳಿ" ಅಂದರು. ಮಾಲೀಕನ ಹತ್ರ ಹೋದೆವು. "ಬಾಡಿಗೆ ಕೊಡೋದು ಸರ್ಕಾರ, ಕೇಳೋಕೆ ನೀವ್ಯಾರು? ಹಾಳು ಮಾಡಿದೋರೂ ನೀವೇ" ಅಂದ. ಕೊನೆಗೆ ಒಬ್ಬ ಕಂಟ್ರಾಕ್ಟರ್ ಬಂದ. ಮಾಳಿಗೆ ಹತ್ತಲೇ ಇಲ್ಲ. ಒಳಗೋಡೆಗೆ ಸುಣ್ಣ ಬಳಿಸಿ ಹೋದ. ನಾವು ಕೇಳಿದ್ದು ಸೋರಿಕೆ ನಿಲ್ಲಿಸಿ ಅಂತ. ಅವನು ಮಾಡಿದ್ದು ಸೋರಿದ ಕಲೆ ಮುಚ್ಚುವ ಕೆಲಸ. ಮುಂದಿನ ಮಳೆಗೆ ನೀರಿನ ಜೊತೆ ಸುಣ್ಣವೂ ನಮ್ಮ ಹಾಸಿಗೆ ಮೇಲೆ ಉದುರಿತು.

ಅದೇ ಕಟ್ಟಡದ ಕಕ್ಕಸು ಗುಂಡಿ ತುಂಬಿತು. ಮಾಳಿಗೆಗೆ ಮೂರು ತಿಂಗಳು ಆಳು ಸಿಗದ ಮಾಲೀಕನಿಗೆ ಗುಂಡಿಗೆ ಒಂದೇ ದಿನದಲ್ಲಿ ಆಳು ಸಿಕ್ಕಿತು. ಬಂದವರು ಕೇರಿಯವರು. ಮೆಷಿನ್ ಇಲ್ಲ, ಬೂಟಿಲ್ಲ, ಕೈಯಲ್ಲಿ ಒಂದು ಬಕೀಟು. ಅವರು ನಮ್ಮಲ್ಲೇ ಒಬ್ಬನ ಚಿಕ್ಕಪ್ಪ. ಹುಡುಗ ಕಿಟಕಿ ಹಾಕಿಕೊಂಡ. ನಾವೂ ಹೊರಗೆ ಬರಲಿಲ್ಲ. ಅವತ್ತು ನಾವು ಸುಮ್ಮನಿದ್ದೆವು. ಅದಕ್ಕೇ ಇವತ್ತು ಬರೆಯುತ್ತಿದ್ದೇವೆ.

ಗೋಡೆಗೆ ಗಾರೆ ಮೇಸ್ತ್ರಿ, ಕರೆಂಟಿಗೆ ವೈರ್‌ಮ್ಯಾನ್, ನಲ್ಲಿಗೆ ಪ್ಲಂಬರ್. ಇವರನ್ನೆಲ್ಲ ಕಸುಬು ನೋಡಿ ಕರೆಯುತ್ತಾರೆ. ಗುಂಡಿಗೆ ಮಾತ್ರ ಜಾತಿ ನೋಡಿ ಕರೆಯುತ್ತಾರೆ. ಇದಕ್ಕೆ ರಿಪೇರಿ ಅಂತ ಹೆಸರು! ಮಲ ಹೊರಿಸುವುದರ ವಿರುದ್ಧ 1993ರಲ್ಲಿ ಒಂದು ಕಾನೂನು ಬಂತು, 2013ರಲ್ಲಿ ಇನ್ನೊಂದು ಬಂತು. ರಕ್ಷಣೆ ಇಲ್ಲದೆ ಮನುಷ್ಯನನ್ನು ಗುಂಡಿಗೆ ಇಳಿಸಿದರೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಒಳಚರಂಡಿಯಲ್ಲಿ ಸತ್ತವರ ಮನೆಗೆ 30 ಲಕ್ಷ ಪರಿಹಾರ ಕೊಡಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ನಮ್ಮ ಚಿಕ್ಕಪ್ಪ ಸತ್ತ ಮೇಲೆ ಬರುವ ದುಡ್ಡು ನಮಗೆ ಬೇಡ. ಚಿಕ್ಕಪ್ಪ ಬೇಕು.

ಸೂರು ಅನ್ನುವುದು ನಮಗೆ ಸಣ್ಣ ಮಾತಲ್ಲ. ಅಮೆರಿಕದಲ್ಲಿ ಓದಿ ಬಂದ ಬಾಬಾಸಾಹೇಬರಿಗೆ 1917ರಲ್ಲಿ ಬರೋಡದಲ್ಲಿ ಬಾಡಿಗೆಗೆ ಜಾಗ ಸಿಗಲಿಲ್ಲ. ಪಾರ್ಸಿ ಛತ್ರದಿಂದಲೂ ಹೊರಹಾಕಿದರು. ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಮನೆಯೊಳಗೇ ಸುಟ್ಟರು. ಇಂಥ ನೆಲದಲ್ಲಿ ನಮ್ಮ ಮಕ್ಕಳು ಮಲಗುವ ಜಾಗ ಭಿಕ್ಷೆಯಲ್ಲ. ಅದಕ್ಕೆ ಪ್ರತಿ ತಿಂಗಳೂ ಬಾಡಿಗೆ ಹೋಗುತ್ತದೆ. ಅದು ಜನರ ದುಡ್ಡು, ನಮ್ಮ ಅಪ್ಪ ಅಮ್ಮಂದಿರ ದುಡ್ಡೂ ಅದರಲ್ಲಿದೆ.

"ಖಾಸಗಿ ಕಟ್ಟಡ, ಏನೂ ಮಾಡೋಕಾಗಲ್ಲ" ಅನ್ನುವುದು ಸುಳ್ಳು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ಓದಿ. ಮಾಲೀಕ ಮಾಡಿಸಲೇಬೇಕಾದ ರಿಪೇರಿಯನ್ನು ನೋಟೀಸು ಕೊಟ್ಟ ಮೇಲೂ ತಕ್ಕ ಸಮಯದಲ್ಲಿ ಮಾಡಿಸದಿದ್ದರೆ, ಬಾಡಿಗೆಗೆ ಇರುವವರೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಯಾವ ರಿಪೇರಿ ಯಾರ ತಲೆಗೆ ಅನ್ನುವುದು ಕರಾರುಪತ್ರದಲ್ಲಿರುತ್ತದೆ. ಆ ಪತ್ರವನ್ನು ನಮ್ಮಲ್ಲಿ ಎಷ್ಟು ಜನ ಕಣ್ಣಲ್ಲಿ ನೋಡಿದ್ದೇವೆ? 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ 30 ದಿನದಲ್ಲಿ ಉತ್ತರ ಕೊಡಬೇಕು. ಒಂದು ಸಿನಿಮಾ ಟಿಕೆಟ್‌ಗಿಂತ ಕಮ್ಮಿ!

ಈಗ ನಮ್ಮವರ ಮಾತು. ಸರ್ಕಾರದ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇ. 17.15, ಪಂಗಡದವರಿಗೆ ಶೇ. 6.95 ಮೀಸಲು 2017ರಲ್ಲಿ ಬಂತು. ಆಗ 50 ಲಕ್ಷದವರೆಗಿನ ಕೆಲಸಕ್ಕೆ ಇತ್ತು, 2023ರಲ್ಲಿ ಅದು 1 ಕೋಟಿಗೆ ಏರಿತು. ಇದು ಹೋರಾಟದ ಫಲ. ಆದರೆ ಲೈಸೆನ್ಸ್ ನಮ್ಮವನದು, ಬಿಲ್ಲು ಇನ್ನೊಬ್ಬನದು ಅಂತ ಆದರೆ? ಸಹಿ ಹಾಕಿ ಪುಡಿಗಾಸು ಇಸಕೊಂಡು ಮನೆಗೆ ಹೋಗುವವನು ನಮ್ಮ ಜಾತಿಯವನಾದರೂ ನಮ್ಮವನಲ್ಲ. ನಮ್ಮ ಹಾಸ್ಟೆಲ್ ಮಾಳಿಗೆಗೆ ಕಳಪೆ ಸಿಮೆಂಟು ಹಾಕುವವನು ಯಾವ ಜಾತಿಯವನಾದರೂ ಕಳ್ಳನೇ.

ಹಾಗಾದರೆ ಏನು ಮಾಡಬೇಕು?

ಸೋರಿಕೆ, ಬಿರುಕು, ಕೆಟ್ಟ ವೈರು ಎಲ್ಲವನ್ನೂ ತಾರೀಕು ಹಾಕಿ ಬರೆದು ಕೊಡೋಣ, ಸ್ವೀಕೃತಿ ಸಹಿ ಇಸಕೊಳ್ಳೋಣ. ಬಾಯಿಮಾತು ಗಾಳಿಗೆ ಹೋಗುತ್ತದೆ.

ಯಾರು ಕೆಲಸ ಹಿಡಿದರು, ಎಷ್ಟು ದುಡ್ಡು, ಏನು ಮಾಡಬೇಕು – ಇದನ್ನು ಹಾಸ್ಟೆಲ್ ಗೋಡೆಗೆ ಅಂಟಿಸಲಿ. ಮಾಳಿಗೆ ಮೇಲೆ ನೀರು ನಿಲ್ಲಿಸಿ ನೋಡಿ, ವಿದ್ಯಾರ್ಥಿಗಳು ಒಪ್ಪಿದ ಮೇಲೆ ಬಿಲ್ಲು ಪಾಸಾಗಲಿ.

ಐ.ಟಿ.ಐ. ಮುಗಿಸಿ ಕೂತ ನಮ್ಮ ಕೇರಿ ಹುಡುಗರು ವೈರಿಂಗ್, ಪ್ಲಂಬಿಂಗ್ ಬಲ್ಲರು. ಅವರನ್ನು ಕರೆಯಲಿ, ಊರಿನವರಿಗೆ ಕೊಡುವ ಕೂಲಿಯನ್ನೇ ಕೊಡಲಿ.

ಗುಂಡಿಗೆ ಮೆಷಿನ್ ಬರಲಿ. ಮನುಷ್ಯನನ್ನು ಇಳಿಸಲು ಬಂದರೆ ನಾವು ಗುಂಡಿ ಸುತ್ತ ನಿಲ್ಲುತ್ತೇವೆ. ಈ ಸಲ ಕಿಟಕಿ ಹಾಕಿಕೊಳ್ಳುವುದಿಲ್ಲ.

ಕೊನೆಗೆ, ಬಾಡಿಗೆ ಹಾಸ್ಟೆಲುಗಳಿಗೆಲ್ಲ ಸ್ವಂತ ಕಟ್ಟಡ ಬೇಕು. ಅದು ಸಿಗುವ ತನಕ ಒಂದೊಂದು ಹನಿಗೂ ಲೆಕ್ಕ ಕೇಳೋಣ.

ಜೈ ಭೀಮ್!